ದೂರೇ ಬಾರದ ಊರು

ಕುಂದಾಪುರದಿಂದ ದೂರುಗಳೇ ಬರುತ್ತಿಲ್ಲ, ಹಾಗಾಗಿ ಕುಂದಾಪುರಕ್ಕೊಂದು ಸರ್ವಿಸ್ ಸೆಂಟರಿನ ಅಗತ್ಯವಿಲ್ಲ. ಕೆಂಟೋರಾ ಕಂಪನಿಯ ಏರಿಯಾ ಮ್ಯಾನೇಜರ್ ಅಜಿತ್ ಹೀಗೆಂದದ್ದು 2011ರ ಡಿಸೆಂಬರಿನಲ್ಲಿ, ಶಾಸ್ತ್ರಿ ಸರ್ಕಲ್ಲಿನಿಂದ ಸ್ವಲ್ಪ ಒಳಗಿರುವ ‘ಪ್ರೇಮ್ ಎಲೆಕ್ಟ್ರಾನಿಕ್ಸ್’ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಅಂಗಡಿಯ ಒಡತಿ ಚಂದ್ರಮತಿ ತರಿಸಿಕೊಟ್ಟ ಚಹಾ ಕುಡಿಯುತ್ತ.

“ನಿಮ್ಮ ಏರಿಯಾದಲ್ಲಿ ನಮ್ಮ ಐಟಂ ಅಷ್ಟು ಒಳ್ಳೇದುಂಟು ಮೇಡಂ,” ಎಂದ ಅವನು. “ಬೆಂಗಳೂರಿನವರಿಗೇ ಆಶ್ಚರ್ಯ.”

ಅವನ ಕುರ್ಚಿಯ ಹಿಂದೆ ಗೋಡೆಗೆ ಒತ್ತಿ ನಿಲ್ಲಿಸಿದ್ದ ವಾಷಿಂಗ್ ಮೆಷೀನುಗಳು ಕೆಂಟೋರಾದವೇ. ಎಲ್ಲವೂ ಕೆಟ್ಟು ಬಂದವು. ಕೌಂಟರಿನ ಕೆಳಗೆ, ಹಲ್ಲಿ ಹೊಕ್ಕು ಸತ್ತು ಸುಟ್ಟುಹೋದ ಸರ್ಕ್ಯೂಟ್ ಬೋರ್ಡುಗಳಿದ್ದವು. ಚಂದ್ರಮತಿಯ ಗಂಡ ಪ್ರೇಮಾನಂದ ಅಂಗಡಿಯಲ್ಲಿರಲಿಲ್ಲ. ಬೆಳಿಗ್ಗೆ ತ್ರಾಸಿಗೆ ಹೊರಟವನು ಅಲ್ಲಿಂದ ಹಾಗೆಯೇ ಬೈಂದೂರಿಗೆ ಹೋಗಿದ್ದ. ಎರಡೂ ಊರಿನಲ್ಲಿ ಕೆಂಟೋರಾ ಫ್ರಿಜ್ಜುಗಳು ತಂಪು ಮಾಡುವುದನ್ನು ನಿಲ್ಲಿಸಿದ್ದವು.

ಇದನ್ನೆಲ್ಲ ಚಂದ್ರಮತಿ ಅಜಿತನಿಗೆ ತೋರಿಸಿದಳು. ಅವನು ತಿರುಗಿ ನೋಡಿದ, ತಲೆಯಾಡಿಸಿದ. ಆಮೇಲೆ ತಾಳ್ಮೆಯಿಂದ ವಿವರಿಸಿದ. ವಸ್ತು ಕೆಟ್ಟರೆ ಗ್ರಾಹಕ ಕಂಪನಿಯ ಉಚಿತ ನಂಬರಿಗೆ ಫೋನ್ ಮಾಡಬೇಕು. ಅಲ್ಲಿಂದ ಮೊಬೈಲಿಗೊಂದು ದೂರಿನ ಸಂಖ್ಯೆ ಬರುತ್ತದೆ. ಆ ಸಂಖ್ಯೆ ಇಲ್ಲದ ರಿಪೇರಿ ಕಂಪನಿಯ ಕಂಪ್ಯೂಟರಿಗೆ ಕಾಣುವುದಿಲ್ಲ. ಅದರ ಮಟ್ಟಿಗೆ ಕುಂದಾಪುರದಿಂದ ಬೈಂದೂರಿನವರೆಗಿನ ಕೆಂಟೋರಾ ವಸ್ತುಗಳೆಲ್ಲ ಆರೋಗ್ಯವಾಗಿದ್ದವು. ಅದೂ ಅಲ್ಲದೆ, ಹೈವೇ ಬದಿಯಲ್ಲಿ ಕಳೆದ ವರ್ಷ ತೆರೆದ ‘ಗೃಹಮೇಳ’ದವರು ಸರ್ವಿಸ್ ತಮಗೇ ಕೊಡಿ ಎಂದು ಕೇಳಿದ್ದಾರೆ. ಹತ್ತಾರು ಊರುಗಳಲ್ಲಿ ಮಳಿಗೆ ಇರುವವರು. ಬೇಡವೆನ್ನುವುದು ಕಂಪನಿಗೆ ಕಷ್ಟ. ಮಾರ್ಚಿನವರೆಗೆ ನೋಡೋಣ ಎಂದು ಅಜಿತ್ ಎದ್ದ.

ಚಂದ್ರಮತಿ ಬಾಗಿಲಿನ ಮೇಲಿದ್ದ ನೀಲಿ ಬೋರ್ಡನ್ನು ನೋಡಿದಳು. ‘ಅಧಿಕೃತ ಸೇವಾ ಕೇಂದ್ರ’ ಎಂಬ ಆ ಬೋರ್ಡು ಹೋದರೆ ಕಂಪನಿಯ ಬಿಡಿಭಾಗಗಳು ಹೋದವು. ಅವು ಹೋದರೆ ಅಂಗಡಿಯೂ ಹೋದಂತೆಯೇ. ಗೃಹಮೇಳದ ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಸಾಲುಸಾಲು ಟಿ.ವಿ.ಗಳ ಎದುರು ಈ ಅಂಗಡಿಯಲ್ಲಿ ಈಗಲೂ ಯಾರಾದರೂ ಫ್ರಿಜ್ ಕೊಳ್ಳುತ್ತಿದ್ದರೆ, ಕೆಟ್ಟಾಗ ಪ್ರೇಮಾನಂದ ಬರುತ್ತಾನೆ ಎಂಬ ಒಂದೇ ಕಾರಣಕ್ಕೆ.

ಚಂದ್ರಮತಿ ಬೈಂದೂರಿನ ದಿನಸಿ ವ್ಯಾಪಾರಿಯ ಮಗಳು. ಪಿಯುಸಿ ಮುಗಿಸಿ ಅಪ್ಪನ ಗಲ್ಲಾದಲ್ಲಿ ಕೂತು ಅಭ್ಯಾಸವಿದ್ದವಳು. 1997ರಲ್ಲಿ ಅವಳನ್ನು ಮದುವೆಯಾದಾಗ ಪ್ರೇಮಾನಂದ ಬೊಂಬಾಯಿಯ ಟಿ.ವಿ. ರಿಪೇರಿ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದ್ದ. ಅಂಗಡಿ ತೆರೆದದ್ದು ಇಬ್ಬರೂ ಸೇರಿ, ಅದರಲ್ಲಿ ಕೂತದ್ದು ಮಾತ್ರ ಅವಳೊಬ್ಬಳೇ. ಅವನಿಗೆ ಕೂರಲು ಬರುತ್ತಿರಲಿಲ್ಲ. ಯಾರು ಕರೆದರೂ ಹೋಗುತ್ತಿದ್ದ. ಹೋದಲ್ಲಿ ಊಟ, ಊಟದ ನಂತರ ಪಕ್ಕದ ಮನೆಯ ಮಿಕ್ಸಿ, ಬರುವ ದಾರಿಯಲ್ಲಿ ಮತ್ತೊಬ್ಬರ ಆಂಟೆನಾ.

ಆ ವರ್ಷಗಳಲ್ಲಿ ದೇಶ ವಿದೇಶದ ಕಂಪನಿಗಳು ಒಂದರ ಹಿಂದೊಂದು ಕರಾವಳಿಗೆ ಇಳಿದವು. ಕೌಂಟರಿನ ಹಿಂದೆ ಕೂತೇ ಚಂದ್ರಮತಿ ಅವುಗಳ ಸ್ವಭಾವ ಕಲಿತಳು. ಒಂದು ಕಂಪನಿ ಟಿ.ವಿ. ಈ ತಿಂಗಳು ಕಳಿಸಿದರೆ ರಿಮೋಟ್ ಮುಂದಿನ ತಿಂಗಳು ಕಳಿಸುತ್ತಿತ್ತು. ಇನ್ನೊಂದು ಜಾಹೀರಾತಿನಲ್ಲಿ ಧಾರಾಳಿ, ಕಂಪ್ರೆಸರ್ ಬದಲಿಸಿಕೊಡುವಾಗ ಕೈ ಬಿಗಿ. ಮತ್ತೊಂದರ ಮಾಲೀಕರೇ ಬದಲಾದರೆಂದು ಅವಳಿಗೆ ತಿಳಿದದ್ದು ರಟ್ಟಿನ ಪೆಟ್ಟಿಗೆಯ ಬಣ್ಣ ಬದಲಾದಾಗ. ಕೆಂಟೋರಾ ಮಾತ್ರ ವರ್ಷಕ್ಕೊಮ್ಮೆ ತನ್ನ ಡೀಲರುಗಳನ್ನು ಬೆಂಗಳೂರಿನ ದೊಡ್ಡ ಹೋಟೆಲಿಗೆ ಕರೆಸಿ ತನ್ನ ಚರಿತ್ರೆ ತಾನೇ ಹೇಳುತ್ತಿತ್ತು. ಎಷ್ಟು ದೇಶ, ಎಷ್ಟು ಕಾರ್ಖಾನೆ, ಎಷ್ಟು ಕೋಟಿ ನಗುಮುಖದ ಗ್ರಾಹಕರು ಎಂದು ಪರದೆಯ ಮೇಲೆ ಮೂಡುತ್ತಿತ್ತು. ಕೊನೆಗೊಂದು ಭೂಪಟ. ಮಂಗಳೂರಿನಲ್ಲೊಂದು ನೀಲಿ ಚುಕ್ಕೆ ಮಿನುಗುತ್ತಿತ್ತು. ಅಲ್ಲಿಂದ ಮೇಲೆ ಗೋವಾದವರೆಗೆ ಕತ್ತಲೆ. ಸಭೆಯಲ್ಲಿದ್ದ ಬೆರಳೆಣಿಕೆಯ ಹೆಂಗಸರಲ್ಲೊಬ್ಬಳಾದ ಚಂದ್ರಮತಿ, ಪ್ರತಿ ವರ್ಷ ಆ ಕತ್ತಲೆಯನ್ನು ನೋಡಿ, ಸಿಹಿ ತಿಂದು, ರಾತ್ರಿ ಬಸ್ಸಿಗೆ ಊರಿಗೆ ಬರುತ್ತಿದ್ದಳು.

ಆ ಕತ್ತಲೆಯೊಳಗಿನ ಕೆಲಸಗಳನ್ನು ಕಂಪನಿ ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಕಡಲ ಉಪ್ಪುಗಾಳಿಗೆ ಫ್ರಿಜ್ಜಿನ ಅಡಿಭಾಗ ಬೇಗ ತುಕ್ಕು ಹಿಡಿಯುತ್ತದೆಂದು, ಮಾರಿದ ಪ್ರತಿ ಫ್ರಿಜ್ಜಿಗೂ ಪ್ರೇಮಾನಂದ ಕೆಳಗೆ ಬಣ್ಣ ಬಳಿದು, ಹಲಸಿನ ಮರದ ಸ್ಟ್ಯಾಂಡಿನ ಮೇಲೆ ಕೂರಿಸಿ ಬರುತ್ತಿದ್ದ. ಅಮಾಸೆಬೈಲಿನಂಥ ಒಳಊರುಗಳಲ್ಲಿ ಸಂಜೆ ಕರೆಂಟು ಸೊರಗುವುದರಿಂದ ಸ್ಟೆಬಿಲೈಸರ್ ಇಲ್ಲದೆ ಅಲ್ಲಿಗೆ ಏನನ್ನೂ ಮಾರುತ್ತಿರಲಿಲ್ಲ. ಬಿಡಿಭಾಗ ಬೇಕಾದರೆ ಕಂಪನಿಯ ಮಂಗಳೂರು ಡಿಪೋದ ರತ್ನಾಕರನಿಗೊಂದು ಫೋನ್. ಅವನು ಪೊಟ್ಟಣ ಕಟ್ಟಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಮಧ್ಯಾಹ್ನಕ್ಕೆ ಅದು ಶಾಸ್ತ್ರಿ ಸರ್ಕಲ್ಲಿನಲ್ಲಿ ಇಳಿಯುತ್ತಿತ್ತು. ಇಷ್ಟು ವರ್ಷಗಳ ರಿಪೇರಿ ನಡೆದದ್ದೇ ಹೀಗೆ, ಬಾಯಿಮಾತಿನಲ್ಲಿ, ಬಸ್ಸಿನಲ್ಲಿ.

ಅಜಿತ್ ಬಂದು ಹೋದ ದಿನ ಪ್ರೇಮಾನಂದ ಅಂಗಡಿಗೆ ಮರಳಿದಾಗ ದೀಪ ಹಚ್ಚುವ ಹೊತ್ತು. ಚಂದ್ರಮತಿ ಎಲ್ಲವನ್ನೂ ಹೇಳಿದಳು.

“ಇನ್ ಮೇಲೆ ನಂಬ್ರ್ ಇಲ್ದೆ ಯಾರ ಮನಿಗೂ ಹೋಪುಕಿಲ್ಲೆ. ಕೇಂಡ್ತಾ?”

“ಆಯ್ತಲೆ,” ಎಂದ ಪ್ರೇಮಾನಂದ.

ಅವಳಿಗೆ ರೇಗಿದ್ದು ಅದಕ್ಕೇ. ಹದಿನಾಲ್ಕು ವರ್ಷದಲ್ಲಿ ಅವನು ಯಾವುದಕ್ಕೂ ಆಗುವುದಿಲ್ಲ ಎಂದದ್ದಿಲ್ಲ, ಅವಳಿಗೂ ಇಲ್ಲ, ಊರಿಗೂ ಇಲ್ಲ.

ನಿಯಮಕ್ಕೆ ಮೊದಲು ಸಿಕ್ಕವಳು ತೆಕ್ಕಟ್ಟೆಯ ಗಿರಿಜಕ್ಕ. ಹೈವೇ ಬದಿಯ ಹೋಟೆಲುಗಳಿಗೆ ಮೊಸರು ಕೊಟ್ಟು ಬದುಕುವವಳು, ಅಂಗಡಿಯ ಹಳೆಯ ಗಿರಾಕಿ. ಅವಳ ಕೆಂಟೋರಾ ಫ್ರಿಜ್ಜು ವರ್ಷಕ್ಕೆ ಮೂರು ಸಲವಾದರೂ ಮಲಗುತ್ತಿತ್ತು. ಅಂಗಡಿಗೆ ಬಂದವಳು ಎಂದಿನ ಸಲಿಗೆಯಲ್ಲಿ ಚಂದ್ರಮತಿಯನ್ನು ಕರೆದಳು.

“ಹೆಣೆ, ಅದ್ ಮತ್ತೆ ಹಾಂಗೇ ಮಾಡ್ತಾ ಇತ್ತ್. ಪ್ರೇಮಾನಂದನ್ನ ಒಂಚೂರ್ ಕಳ್ಸ್.”

“ಮೊದ್ಲ್ ಈ ನಂಬ್ರಿಗೆ ಫೋನ್ ಮಾಡಿ ಗಿರಿಜಕ್ಕ. ಫ್ರಿಜ್ ಹಾಳಾಯ್ತ್ ಅಂದೇಳಿ ಹೇಳಿ.”

“ಯಾರಿಗೆ ಹೇಳುದ್?”

“ಕಂಪ್ನಿಯವ್ರಿಗೆ. ದಿಲ್ಲಿ ಬದಿಯವ್ರ್ ಕಾಣತ್ತ್.”

“ದಿಲ್ಲಿಯವ್ರಿಗೆ ನನ್ನ ಫ್ರಿಜ್ಜಿನ ಸುದ್ದಿ ಎಂತಕೆ ಮರಾಯ್ತಿ? ನಮ್ಮ ಪ್ರೇಮಾನಂದ ಸತ್ತ್ ಹೋಯ್ದನಾ?”

ಚಂದ್ರಮತಿ ಅಲ್ಲೇ ನಿಂತು ನಂಬರ್ ಒತ್ತಿ, ಕನ್ನಡಕ್ಕೆ ಒತ್ತಬೇಕಾದ್ದನ್ನೂ ಒತ್ತಿ, ಫೋನನ್ನು ಗಿರಿಜಕ್ಕನ ಕಿವಿಗೆ ಹಿಡಿದಳು. ಆ ಕಡೆಯಿಂದ ಹುಡುಗಿಯೊಬ್ಬಳು ಬೆಂಗಳೂರಿನ ಕನ್ನಡದಲ್ಲಿ, ನಿಮಗೇನು ತೊಂದರೆಯಾಗಿದೆ ಮೇಡಂ, ಎಂದು ವಿನಯದಿಂದ ಕೇಳಿದಳು. ಗಿರಿಜಕ್ಕ ಸೆರಗು ಸರಿಮಾಡಿಕೊಂಡಳು.

“ತೊಂದ್ರೆ ಎಂತದೂ ಇಲ್ಲೆ. ಫ್ರಿಜ್ ಲಾಯ್ಕ್ ಇತ್ತ್. ಎಂತಾದ್ರೂ ಆದ್ರೆ ಕಾಂಬುಕೆ ನಮ್ಮೂರವ್ರೇ ಇದ್ರ್,” ಎಂದು ಹೇಳಿ ಫೋನನ್ನು ವಾಪಸು ಕೊಟ್ಟಳು.

“ಎಂತ ಗಿರಿಜಕ್ಕ ಇದ್!”

“ಎಂತ ಅಂದ್ರೆ? ಗುರ್ತ್ ಪರಿಚಯ ಇಲ್ದ ಹೆಣ್ಣಿನ ಹತ್ರ ನಿಮ್ಮಂಗ್ಡಿ ಸಾಮಾನ್ ಸರಿ ಇಲ್ಲೆ ಅಂದ್ ಹೇಳುದಾ? ನಾನ್ ಹಾಂಗಿದ್ದ್ ಜನ ಅಲ್ಲ.” ಅವಳ ಮುಖದಲ್ಲಿ ಉಪಕಾರ ಮಾಡಿದ ಸಮಾಧಾನವಿತ್ತು.

ಹೆಚ್ಚಿನವರು ಮಾಡಿದ್ದು ಇದನ್ನೇ. ಮನೆಯೊಳಗೆ ನಿಂತು ಪ್ರೇಮಾನಂದನನ್ನು ಮುಖಕ್ಕೆ ಹೊಡೆದಂತೆ ಬಯ್ಯಬಲ್ಲ ಜನ, ದೂರದ ದನಿಯೊಂದು ಕೇಳಿದೊಡನೆ ಅವನ ಪರ ನಿಂತುಬಿಡುತ್ತಿದ್ದರು. ಚಂದ್ರಮತಿ ಬೋರ್ಡಿನ ವಿಷಯ ಬಿಡಿಸಿ ಹೇಳಿದಳು. ಜನ ಅಯ್ಯೋ ಪಾಪ ಎಂದರು. ಆಮೇಲೂ ಅವರು ಹೇಳಿದ್ದು ಎಲ್ಲ ಲಾಯ್ಕ್ ಇತ್ತ್ ಎಂದೇ.

ಗಂಗೊಳ್ಳಿಯ ಭೋಜಣ್ಣನೊಬ್ಬ ತನ್ನ ವಾಷಿಂಗ್ ಮೆಷೀನು ಕೆಟ್ಟಿದೆಯೆಂದು ನೆಟ್ಟಗೆ ದೂರು ಕೊಟ್ಟ. ಸಂಖ್ಯೆಯೂ ಬಂತು. ಚಂದ್ರಮತಿ ಅವನಿಗೆ ಹತ್ತು ಸಲ ಥ್ಯಾಂಕ್ಸ್ ಹೇಳಿದಳು. ಆದರೆ ಎರಡು ದಿನ ಬಿಟ್ಟು ಕಂಪನಿಯವರು ವಿಚಾರಿಸಲು ಫೋನ್ ಮಾಡಿದಾಗ ಭೋಜಣ್ಣ, ಆ ವಾಷಿಂಗ್ ಮೆಷೀನು ದೂರು ಕೊಡುವ ಹಿಂದಿನ ದಿನವೇ ಸರಿಯಾಗಿತ್ತು ಎಂದ. ಅವನು ಹೇಳಿದ್ದು ಸತ್ಯ. ದೂರು ಸುಳ್ಳೆಂದು ರದ್ದಾಯಿತು.

ಚಂದ್ರಮತಿಗೆ ಒಗಟು ಬಿಡಿಸಿಕೊಳ್ಳುವ ಕಷ್ಟ ಬರಲಿಲ್ಲ. ಅದೇ ಸಂಜೆ ಭೋಜಣ್ಣನ ಮನೆಯಿಂದ ಒಂದು ಚೀಲ ಬಂಗುಡೆ ಬಂತು.

“ಇದ್ ಎಂತಕೆ ಬಂತ್?” ಎಂದು ಗಂಡನನ್ನು ಕೇಳಿದಳು.

“ಮೀನಾ? ಬೋಟ್ ಬಂದಿರ್ಕ್.”

“ಬೋಟ್ ನಮ್ಮ ಮನಿಗೆ ಬತ್ತಾ? ನಂಬ್ರ್ ಬಪ್ಪುಕೆ ಮೊದ್ಲೇ ಹೋಗಿ ರಿಪೇರಿ ಮಾಡ್ದ್ರಿ ಅಲ್ದಾ?”

“ಬಟ್ಟಿ ಎಲ್ಲಾ ನೀರಂಗೇ ಇತ್ತ್ ಮರಾಯ್ತಿ. ಆ ಹೆಂಗ್ಸ್ ಎಂತ ಮಾಡುದ್?”

“ಬೋರ್ಡ್ ಹೋದ್ರೆ ಈ ಹೆಂಗ್ಸ್ ಎಂತ ಮಾಡುದ್?”

ಪ್ರೇಮಾನಂದ ಚೀಲವನ್ನು ಅಡುಗೆಮನೆಗೆ ಒಯ್ದಿಟ್ಟ. ಅವಳು ಮೀನನ್ನು ಅಷ್ಟೇ ಸಿಟ್ಟಿನಲ್ಲಿ ಕೊಯ್ದು, ಮಾಮೂಲಿಗಿಂತ ಜಾಸ್ತಿ ಖಾರ ಹಾಕಿ ಸಾರು ಮಾಡಿದಳು. ಅವನು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡ.

ಮಾರ್ಚ್ ಕೊನೆಗೆ ಅಜಿತ್ ಬಂದ. ಚಂದ್ರಮತಿ ಕೊನೆಯ ಪ್ರಯತ್ನವೆಂದು ಗಿರಿಜಕ್ಕನ ನಂಬರ್ ಕೊಟ್ಟು, ನೀವೇ ಕೇಳಿ ನೋಡಿ, ಎಂದಳು. ಅವನು ಸ್ಪೀಕರ್ ಹಾಕಿ ಮಾಡಿದ. ಕಂಪನಿಯಿಂದ ಎಂದದ್ದೇ ತಡ, ಫ್ರಿಜ್ಜು ದೇವರಂಥದ್ದು ಎಂದಳು ಗಿರಿಜಕ್ಕ. ಚಂದ್ರಮತಿ ಫೋನ್ ಕಸಿದುಕೊಂಡಳು.

“ಗಿರಿಜಕ್ಕ, ನಾನ್ ಚಂದ್ರಮತಿ. ಸತ್ಯ ಹೇಳಿ.”

“ಓ, ನೀನಾ! ಸತ್ಯ ಹೇಳುದಾ? ಆ ದರಿದ್ರ ಫ್ರಿಜ್ ತಂದ್ ದಿನದಿಂದ ನಂಗೆ ನೆಮ್ದಿ ಇಲ್ಲೆ. ನಿನ್ನೆನೂ ಎರಡ್ ಪಾತ್ರಿ ಮೊಸ್ರ್ ಹುಳಿ ಆಯ್ತ್. ಬಾಗ್ಲಿಗೆ ಹಗ್ಗ ಕಟ್ಟಿದ್ದೆ. ಅದನ್ನ ಮಾಡ್ದವ್ನ ಕೈ ಸೇದ್ ಹೋಗ್ಲಿ. ಹ್ವಾಯ್, ಅವ್ರ್ ಯಾರೋ ಲೈನಂಗಿದ್ರಲೆ, ಅವ್ರ್ ಹೋದ್ರಾ?”

ಅಜಿತನಿಗೆ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ, “ನಾನು ನಂಬುತ್ತೇನೆ ಮೇಡಂ. ಆದ್ರೆ ಇದು ಸಿಸ್ಟಮ್‌ನಲ್ಲಿ ಇಲ್ಲ ಅಲ್ವಾ? ಅಲ್ಲಿ ಇಲ್ಲದ್ದನ್ನು ನಾನು ಬೆಂಗಳೂರಿಗೆ ಹೇಗೆ ತೋರಿಸುದು?” ಎಂದ. ಸರ್ವಿಸ್ ಗೃಹಮೇಳಕ್ಕೆ ಹೋಗುವುದು ನಿಶ್ಚಯವಾಗಿತ್ತು. ಬೋರ್ಡನ್ನು ಇಳಿಸಿಕೊಂಡು ಹೋಗಲು ಅವನು ಜನ ಕರೆತಂದಿದ್ದ.

ಸ್ಕ್ರೂಗಳು ತುಕ್ಕು ಹಿಡಿದು ಅಲುಗಾಡಲಿಲ್ಲ. ಬಂದವರು ಸುತ್ತಿಗೆ ಹುಡುಕತೊಡಗಿದಾಗ ಪ್ರೇಮಾನಂದ ಒಳಗಿಂದ ಎಣ್ಣೆ ತಂದು, ತಾನೇ ಏಣಿ ಹತ್ತಿ, ಗೋಡೆಗೂ ಬೋರ್ಡಿಗೂ ಪೆಟ್ಟಾಗದ ಹಾಗೆ ಬಿಚ್ಚಿ, ಒರೆಸಿ, ಅವರ ಕೈಗೆ ಕೊಟ್ಟ. ಚಂದ್ರಮತಿ ಕೌಂಟರಿನ ಹಿಂದೆ ಕೂತು ಅದನ್ನು ನೋಡಿದಳು.

ಗೃಹಮೇಳಕ್ಕೆ ಬೋರ್ಡು ಸಿಕ್ಕಿತು, ಮೆಕ್ಯಾನಿಕ್ ಸಿಗಲಿಲ್ಲ. ವಾರಕ್ಕೊಂದೆರಡು ಸಲ ಮಂಗಳೂರಿನಿಂದ ಬರುತ್ತಿದ್ದವನಿಗೆ ತ್ರಾಸಿ ಎಲ್ಲಿ, ಅಮಾಸೆಬೈಲು ಎಲ್ಲಿ ಎಂದು ತಿಳಿಯದು. ಮೇ ತಿಂಗಳ ಸಿಡಿಲಿಗೆ ಟಿ.ವಿ., ಫ್ರಿಜ್ಜುಗಳು ಸುಡತೊಡಗಿದ ಮೇಲೆ ಮಳಿಗೆಯ ಮ್ಯಾನೇಜರ್ ಶೈಲೇಶ್ ಪ್ರೇಮಾನಂದನಿಗೆ ಫೋನ್ ಮಾಡಿದ. ಪಾರ್ಟ್ಸ್ ನಾವು ಕೊಡುತ್ತೇವೆ, ನೀವೊಂದು ಸಲ ಹೋಗಿ ಬನ್ನಿ, ಎಂದ.

ಪ್ರೇಮಾನಂದ ಹೆಲ್ಮೆಟ್ ಎತ್ತಿಕೊಂಡ. ಚಂದ್ರಮತಿ ಸ್ಕೂಟರಿನ ಕೀಯನ್ನು ಡ್ರಾವರಿಗೆ ಹಾಕಿ ಮುಚ್ಚಿದಳು.

“ಬೋರ್ಡ್ ಇಲ್ಲೆ, ಕೆಲ್ಸ ಇಲ್ಲೆ. ಅವ್ರಿಗೆ ಹಾಂಗೇ ಹೇಳಿ.”

“ಪಾಪ, ಜನ ಎಂತ ಮಾಡಿದ್ರ್?”

“ಎಂತದೂ ಮಾಡ್ಲಿಲ್ಲೆ, ಅದೇ ಅವ್ರ್ ಮಾಡಿದ್ದ್.”

ಅವನು ಹೆಲ್ಮೆಟ್ ಕೆಳಗಿಟ್ಟ. ಶೈಲೇಶನಿಗೆ ಫೋನ್ ಮಾಡಿ, ಮದುವೆಯಾದ ಮೇಲೆ ಮೊದಲ ಸಲ ಒಬ್ಬರಿಗೆ, ಬತ್ತಿಲ್ಲೆ, ಎಂದ. ಅಷ್ಟು ಹೇಳಿ ಹಿಂದಿನ ಕೋಣೆಗೆ ಹೋಗಿ ಕೂತ.

ಮಾರನೆಯ ದಿನ ಗಿರಿಜಕ್ಕ ಬಂದಳು. ಅವಳ ಫ್ರಿಜ್ಜು ಪೂರ್ತಿ ನಿಂತಿತ್ತು. ಗೃಹಮೇಳದವರು ನಾಳೆ ನಾಡಿದ್ದು ಎನ್ನುತ್ತಿದ್ದರು. ಹೋಟೆಲಿನವರು ಮೊಸರಿಗೆ ಬೇರೆ ಜನ ಗೊತ್ತುಮಾಡುವ ಮಾತಾಡುತ್ತಿದ್ದರು. ಚಂದ್ರಮತಿಯ ಕೈ ಕೀ ಇದ್ದ ಡ್ರಾವರಿನ ಕಡೆ ಹೋಯಿತು. ಆದರೆ ಇವಳೊಬ್ಬಳಿಗೆ ಹೌದೆಂದರೆ ಸಂಜೆಯೊಳಗೆ ಇಡೀ ತಾಲೂಕಿಗೆ ಹೌದೆನ್ನಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು.

“ಅವ್ರ್ ಬಪ್ಪುಕಾತಿಲ್ಲೆ ಗಿರಿಜಕ್ಕ. ಕಂಪ್ನಿಗೆ ಹೇಳಿ.”

“ನಾನ್ ಬಾಗ್ಲಿಗೆ ಬಂದ್ ನಿಂತ್ ಕೇಂತಾ ಇದ್ದೆ ಹೆಣೆ.”

“ಗೊತ್ತಿತ್ತ್.”

ಗಿರಿಜಕ್ಕ ಒಳಕೋಣೆಯ ಕಡೆ ನೋಡಿ, “ಪ್ರೇಮಾನಂದ, ನೀನೂ ಹೀಂಗೇ ಹೇಳ್ತ್ಯಾ?” ಎಂದು ಕೂಗಿದಳು. ಒಳಗೆ ಕುರ್ಚಿ ಸರಿದ ಸದ್ದಾಯಿತು, ಅವನು ಹೊರಗೆ ಬರಲಿಲ್ಲ. “ಹಾಂಗಾರೆ ನೀವ್ ನಮ್ಮವ್ರಲ್ಲ,” ಎಂದು ಮೆಟ್ಟಿಲಿಳಿದಳು. ಇಳಿದವಳು ಅಂಗಡಿಯ ಎದುರೇ, ರಸ್ತೆಯ ಬದಿಯಲ್ಲಿ ನಿಂತು ಕಂಪನಿಗೆ ಫೋನ್ ಮಾಡಿದಳು. ಈ ಸಲ ಯಾರ ಮಾನವನ್ನೂ ಕಾಯಬೇಕಾಗಿರಲಿಲ್ಲ. ಫ್ರಿಜ್ಜಿನ ಜನ್ಮ ಜಾಲಾಡಿದಳು, ಕಂಪನಿಯದ್ದನ್ನೂ ಜಾಲಾಡಿದಳು. ಆ ಕಡೆಯ ಹುಡುಗಿ ಅರ್ಧದಲ್ಲೇ ಸಂಖ್ಯೆ ಕೊಟ್ಟರೂ ನಿಲ್ಲಿಸಲಿಲ್ಲ.

ಮುಂದಿನ ವಾರಗಳಲ್ಲಿ ಚಂದ್ರಮತಿ ಅನೇಕರಿಗೆ ಇಲ್ಲವೆಂದಳು. ಗಂಗೊಳ್ಳಿಯವರಿಗೆ, ಬೈಂದೂರಿನ ತನ್ನ ತವರಿನ ನೆರೆಯವರಿಗೂ. ಪೇಟೆಯಲ್ಲಿ ಅವಳನ್ನು ಕಂಡರೆ ಮುಖ ತಿರುಗಿಸುವವರಾದರು. ಅವಳ ಮೇಲಿನ ಸಿಟ್ಟು ಅವರಿಗೆ ದಾರಿ ತೆರೆದುಕೊಟ್ಟಿತು. ನಮ್ಮವರು, ಅವರ ಹುಳುಕು ಮುಚ್ಚಿಡಬೇಕು ಎಂಬ ದಾಕ್ಷಿಣ್ಯ ಹೋದ ಮೇಲೆ, ಹತ್ತಾರು ವರ್ಷ ಬಾಯಲ್ಲೇ ಉಳಿದಿದ್ದದ್ದನ್ನೆಲ್ಲ ಜನ ಕಂಪನಿಯ ನಂಬರಿಗೆ ಸುರಿದರು.

ಜೂನ್ ಮಧ್ಯದಲ್ಲಿ ಅಜಿತ್ ಫೋನ್ ಮಾಡಿದ. “ನಿಮ್ಮ ಊರಿನವರಿಗೆ ಎಂತಾಯ್ತು ಮೇಡಂ? ಇಡೀ ರಾಜ್ಯದಲ್ಲಿ ಈಗ ಕುಂದಾಪುರದ್ದೇ ಗಲಾಟೆ. ಗೃಹಮೇಳದವರು ನಮಗೆ ಸರ್ವಿಸ್ ಬೇಡವೇ ಬೇಡ ಅಂತಿದ್ದಾರೆ.”

“ಬೋರ್ಡ್ ತನ್ನಿ,” ಎಂದಳು ಚಂದ್ರಮತಿ. “ಸ್ಕ್ರೂ ಹೊಸ್ತ್ ತನ್ನಿ.”

ಮಳೆ ಬಿಟ್ಟ ಒಂದು ಬೆಳಿಗ್ಗೆ ಬೋರ್ಡು ಮೇಲೇರಿತು. ಜನರೂ ನಿಧಾನಕ್ಕೆ ಮರಳಿದರು. ಕೆಲವರು ನಗುತ್ತ ಬಂದರು, ಕೆಲವರು ಚುಚ್ಚಿ ಮಾತಾಡಲಿಕ್ಕೆಂದೇ ಬಂದರು. ಗಿರಿಜಕ್ಕ ಬರಲಿಲ್ಲ. ಹೋಟೆಲುಗಳ ಪೈಕಿ ಒಂದು ಅವಳ ಕೈತಪ್ಪಿತ್ತು. ಅವಳು ಬ್ರಹ್ಮಾವರದ ಅಂಗಡಿಯೊಂದಕ್ಕೆ ಹೋಗಿ ಬೇರೆ ಕಂಪನಿಯ ಫ್ರಿಜ್ಜು ತಂದಳೆಂದು ಚಂದ್ರಮತಿಗೆ ಬಸ್ಸಿನ ಕಂಡಕ್ಟರನಿಂದ ತಿಳಿಯಿತು. ಆ ದಿನ ಅವಳಿಗೆ ಬೋರ್ಡಿನ ಕಡೆ ನೋಡಲು ಮನಸ್ಸಾಗಲಿಲ್ಲ.

ಆಗಸ್ಟಿನಲ್ಲಿ, ಪ್ರೇಮಾನಂದ ಮಧ್ಯಾಹ್ನದ ಊಟಕ್ಕೆ ಬಾಗಿಲು ಎಳೆಯುತ್ತಿದ್ದಾಗ ಅಂಗಡಿಯ ಫೋನ್ ಬಡಿದುಕೊಂಡಿತು. ಎತ್ತಿದವಳು ಚಂದ್ರಮತಿ.

“ಪ್ರೇಮಾನಂದ ಇದ್ನಾ?” ಗಿರಿಜಕ್ಕನ ದನಿ. ಇವಳ ಹೆಸರು ಹಿಡಿಯಲಿಲ್ಲ, ಮೊದಲಿನ ಸಲಿಗೆಯಲ್ಲಿ ಹೆಣೆ ಎಂದೂ ಕರೆಯಲಿಲ್ಲ.

“ಎಂತ ಗಿರಿಜಕ್ಕ?”

“ಹೊಸ ಫ್ರಿಜ್ ಕೆಳ್ಗಿಂದ ನೀರ್ ಬಿಡ್ತಾ ಇತ್ತ್. ನೀನ್ ಕೇಂಬುಕೆ ಮೊದ್ಲೇ ಹೇಳ್ತೆ, ನಂಬ್ರ್ ತೆಗೊಂಡಿದ್ದೆ. ಬರ್ಕೋ.”

ಅವಳು ಒಂದೊಂದೇ ಅಂಕಿಯನ್ನು ಬಿಡಿಸಿ ಓದಿದಳು. ಅದು ಬೇರೆ ಕಂಪನಿಯ ದೂರು. ಅದರ ಸರ್ವಿಸ್ ಸೆಂಟರ್ ಇದ್ದದ್ದು ಉಡುಪಿಯಲ್ಲಿ. ಆ ಸಂಖ್ಯೆಯಿಂದ ಈ ಅಂಗಡಿಗೆ ಒಂದು ಸ್ಕ್ರೂ ಕೂಡ ಸಿಗುವಂತಿರಲಿಲ್ಲ. ಆದರೂ ಚಂದ್ರಮತಿ ಅಂಕಿಗಳನ್ನು ಒಂದು ಬಿಲ್ಲಿನ ಹಿಂದೆ ಬರೆದುಕೊಂಡಳು.

“ಬರ್ದ್ಯಾ?” ಎಂದಳು ಗಿರಿಜಕ್ಕ.

“ಬರ್ದೆ.”

ಚಂದ್ರಮತಿ ಫೋನಿಟ್ಟು ಗಂಡನ ಕಡೆ ನೋಡಿದಳು. ಅವನ ತಲೆಯ ಮೇಲೆ ಆಗಲೇ ಹೆಲ್ಮೆಟ್ ಇತ್ತು.

“ತೆಕ್ಕಟ್ಟಿಗೆ,” ಎಂದು ಕೀಯನ್ನು ಕೌಂಟರಿನ ಮೇಲೆ ಕುಕ್ಕಿದಳು. “ಊಟ ಮಾಡ್ಕಂಡ್ ಹೋಯ್ನಿ.”

“ಆಯ್ತಲೆ,” ಎಂದ ಪ್ರೇಮಾನಂದ, ಊಟ ಮಾಡದೆ ಹೋದ.